ಬೆಲ್ಟು

ವೈಬ್ರಫೋನು ಗೀಬ್ರಫೋನು ನನಗೇನು ಗೊತ್ತು?
ಕಬ್ಬನ್‌ಪೇಟೆಯಲ್ಲಿ ಹೊಲಿಗೆ ಮಿಷನ್ ರಿಪೇರಿ ನನ್ನದು.
ರೆಬೇರೋ ಸಾಹೇಬರು ಆಟೋ ಇಳಿದು
ಹರಿದ ಬೆಲ್ಟು ಚಾಚಿದರು:
"ಇದು ತಿರುಗದಿದ್ದರೆ ಸ್ವರಕ್ಕೆ ಉಸಿರಿಲ್ಲ ಕಣಯ್ಯ."

ಹಳೇ ಮಿಷನ್ನಿನದೇ ಕತ್ತರಿಸಿ, ಕೂಡಿಸಿ ಕೊಟ್ಟೆ.
ಕೂಲಿಗೆ ಬದಲು ಶನಿವಾರದ ಪಾಸು,
ರೆಸಿಡೆನ್ಸಿ ರೋಡಿನ ಹೋಟೆಲು, ಹಿಂಬಾಗಿಲು.

ಎರಡೇ ಕೈ, ನಾಲ್ಕು ಕೋಲು.
ಬಡಿದರೋ ಸವರಿದರೋ ತಿಳಿಯದು.
ಸ್ಯಾಕ್ಸಫೋನಿನ ಹುಡುಗ ಆತುರಪಟ್ಟರೆ
ಮೂವತ್ತು ವರ್ಷ ಬ್ಯಾಂಡು ನಡೆಸಿದ ಹುಬ್ಬು
ಒಂದಿಷ್ಟೇ ಏರುವುದು.

ಆಮೇಲೆ ಕರೆಂಟು ಹೋಯಿತು.
ನನ್ನ ಬೆಲ್ಟು ನಿಂತಿತು, ನಾದದ ತೂಗಾಟ ನಿಂತಿತು.
ಸಾಹೇಬರು ನಿಲ್ಲಲಿಲ್ಲ.
ಕತ್ತಲಲ್ಲಿ ಒಂದೊಂದೇ ಸ್ವರ, ನೆಟ್ಟಗೆ,
ಕಂಚಿನ ತಟ್ಟೆಗೆ ಉಗುರು ತಾಗಿದಂತೆ.
ಬೆಂಕಿಕಡ್ಡಿ ಕೈಯಲ್ಲಿದ್ದವರೂ ಗೀರಲಿಲ್ಲ.

ಸೋಮವಾರ ಬೀಗ ತೆಗೆಯುವ ಮೊದಲೇ ಬಂದು ನಿಂತಿದ್ದರು:
"ಇನ್ನೊಂಚೂರು ನಿಧಾನ ತಿರುಗೋ ಹಾಗೆ ಮಾಡ್ತೀಯಾ?"