ಕೇಳಿ ಗೊತ್ತೈತೇನ್ರಿ

ಬ್ಯಾಡಗಿಯ ಗೋದಾಮಿನಲ್ಲಿ ನನ್ನ ಮೊದಲ ಮಾತು ಒಂದು ಸೀನು.
ಎರಡನೆಯದೂ ಸೀನೇ.
"ದುಪಟ್ಟಾ ಮೂಗಿಗೆ ಕಟ್ಕೊ ತಂಗಿ" ಅಂದಳು ಫಕ್ಕೀರವ್ವ.
ಕೆಂಪು ರಾಶಿಯ ಸುತ್ತ ಹನ್ನೊಂದು ಹೆಂಗಸರು
ತೊಟ್ಟು ಮುರಿಯುತ್ತಿದ್ದರು,
ತಲೆ ಎತ್ತಿದರೆ ಕೇಜಿ ತಪ್ಪುತ್ತದೆ.
ನನ್ನ ಕೈಯಲ್ಲಿ ನರ್ಸಿಂಗ್ ಕಾಲೇಜಿನ ಫಾರ್ಮು.
ಎರಡೇ ಮನೆ: ಗೊತ್ತು, ಗೊತ್ತಿಲ್ಲ.

"ಮಾಲಾ-ಡಿ ಅಂತ ಕೇಳೀರೇನ್ರಿ?"
ಎಲ್ಲರೂ ಚನಬಸವ್ವನ ಕಡೆ ನೋಡಿದರು.
ಆಕೆ ಇಬ್ಬರಿಗೆ ಅತ್ತೆ,
ಉಳಿದವರಿಗೂ ಹೆಚ್ಚು ಕಡಿಮೆ ಅತ್ತೆಯೇ.
"ಇಲ್ರಿ." "ನಾನೂ ಇಲ್ಲವ್ವ." "ನಮಗ್ಯಾಕ ಬೇಕದು."
ಕಾಪರ್-ಟಿ? ಇಲ್ಲ.
ಮೂರು ತಿಂಗಳ ಸೂಜಿ? ಇಲ್ಲ.
ನಿರೋಧ್? ಯಾರೋ ಕೆಮ್ಮಿದರು,
ಅದು ಖಾರಕ್ಕೆ ಬಂದ ಕೆಮ್ಮಲ್ಲ.

"ಗಂಡಸರ ಆಪರೇಶನ್ನು?"
ಆಗ ಬಂತು ನೋಡಿ ನಗು, ರಾಶಿ ಜರಿಯುವ ಹಾಗೆ.
"ಚೀಲಾ ಹೊರೋ ಮಂದಿವಾ, ಅವರ ಸೊಂಟ ಹೋದೀತು!"
"ಹಡದಾಕಿ ಸೊಂಟ ಕಬ್ಬಣದ್ದಲ್ಲೇನ!"
ಕಣ್ಣಲ್ಲಿ ನೀರು. ಆ ಕೈಯಿಂದ ಒರೆಸುವ ಹಾಗಿಲ್ಲ,
ಭುಜಕ್ಕೆ ಮುಖ ತಿಕ್ಕಿಕೊಂಡರು, ಎಮ್ಮೆಗಳ ಹಾಗೆ.

"ನಿಂದ ಮದುವಿ ಆಗೇತೇನ?"
"ಇಲ್ರಿ."
"ಮತ್ತ ಇಷ್ಟ ಹೆಸರ ಹೆಂಗ ಗೊತ್ತು?"
"ಪುಸ್ತಕದಾಗ."
"ಪುಸ್ತಕಕ್ಕ ವಾಂತಿ ಬರತೈತೇನ?"
ನಾನು ಪೆನ್ನು ಎತ್ತಿದೆ.

ಚನಬಸವ್ವ ಚೀಲ ಎತ್ತಿಕೊಂಡು ತಕ್ಕಡಿಯ ಕಡೆ ಹೋದಳು.

ಬೆರಳು ನಿಲ್ಲಲಿಲ್ಲ. ದನಿ ಮಾತ್ರ ಇಳಿಯಿತು.
"ಗುಳಿಗಿ ಉಂಡ ಮ್ಯಾಲೆ ನುಂಗಬೇಕು, ಇಲ್ಲಂದ್ರ ತಲಿ ಗಿರ್ರ ಅಂತೈತಿ.
ಒಂದಿನ ಮರತರ, ನೆನಪಾದ ಕೂಡ್ಲೇ ತಗೊಳ್ಳೋದು"
ಅಂದಳು ಮಾಬೂಬಿ, ನನ್ನ ಪುಸ್ತಕದ ಪುಟ ಎಪ್ಪತ್ತೊಂದನ್ನು.
ಕಸ್ತೂರೆವ್ವನ ಚೀಟಿ ಖಾರಪುಡಿ ಡಬ್ಬಿಯ ತಳದಲ್ಲಿ:
"ಅದರಾಗ ಕೈ ಹಾಕೋರು ನಮ್ಮನ್ಯಾಗ ನಾನೊಬ್ಬಾಕಿನ."
ಹಾವೇರಿ ದವಾಖಾನೆಯಲ್ಲಿ, ಹೆತ್ತ ದಿನವೇ,
ದ್ರಾಕ್ಷಾಯಣಿ ಹಾಕಿಸಿಕೊಂಡದ್ದು ಗಂಡನಿಗೂ ತಿಳಿಯದು.
"ದೇವರು ಕಣ್ಣ ತೆರಿವಲ್ಲ ಅಂತ ಅತ್ತಿ ಅಳ್ತಾಳ.
ನಾನೂ ಜೋಡಿ ಅಳ್ತೀನಿ."

ಫಕ್ಕೀರವ್ವ ಕೊನೆಗೆ, ಯಾರನ್ನೂ ನೋಡದೆ:
"ನನಗೂ ಗೊತ್ತಿತ್ತು.
ನಾಕನೇದ ನಿಂತಾಗೂ ಗೊತ್ತಿತ್ತು."
ಒಂದು ತೊಟ್ಟು ಮುರಿದಳು. ಇನ್ನೊಂದು.

"ಫಾರ್ಮ್ ತಿದ್ದಲೇನ್ರಿ?"
"ಬ್ಯಾಡ. ಹಂಗ ಇರ್ಲಿ."
ಚನಬಸವ್ವ ಮರಳಿದಳು, ಖಾಲಿ ಚೀಲ ಕೊಡವಿದಳು.
"ಏನಂತಾಳಕಿ?"
"ರೇಷನ್ ಕಾರ್ಡಿಂದು, ಅತ್ತಿ."

ಬಸ್ಸಿನಲ್ಲಿ ಹಾಳೆ ತಿರುವಿದೆ:
ಹನ್ನೊಂದು ಜನ, ಗೊತ್ತಿಲ್ಲ, ಗೊತ್ತಿಲ್ಲ,
ಅಂಚಿನಲ್ಲಿ ಯಾರದೋ ಕೆಂಪು ಬೆರಳು.
ಮೇಡಮ್ ಕೇಳುತ್ತಾರೆ, ಏನು ಹೇಳಲಿ
ಅಂತ ಯೋಚಿಸುತ್ತ ಮರೆತು ಕಣ್ಣುಜ್ಜಿಕೊಂಡೆ.
ಮೋಟೆಬೆನ್ನೂರು ದಾಟಿದರೂ ಉರಿ ಇಳಿಯಲಿಲ್ಲ.