ಮೂರನೆಯ ಕಾಲಂ

ಅಂದ್ರೂನ್ ಕಿಲ್ಲಾದ ಓಣಿ, ರಾತ್ರಿ ಎರಡೂವರೆ.
ಗೋಡೆಗಳು ಇನ್ನೂ ಹಗಲನ್ನು ಕಕ್ಕುತ್ತಿವೆ.
ಹುಸೇನಪ್ಪ ಸಲಾಕೆಯ ಒಂದು ತುದಿ ನೆಲಕ್ಕೂರಿ
ಇನ್ನೊಂದಕ್ಕೆ ಕಿವಿ ಹಚ್ಚಿ ಕೂತಿದ್ದಾನೆ,
ಬಸುರಿಯ ಹೊಟ್ಟೆಗೆ ಕಿವಿಯಿಟ್ಟ ಸೂಲಗಿತ್ತಿಯ ಹಾಗೆ.
‘ಮಾತಾಡಬ್ಯಾಡ್ರಿ ಮೇಡಂ.’
ಮಾತಾಡಲಿಲ್ಲ.

ನನ್ನ ಮಡಿಲಲ್ಲಿ ಲ್ಯಾಪ್‌ಟಾಪು, ಪರದೆಯಲ್ಲಿ ರಾಯಚೂರು:
ನೀಲಿ ಗೆರೆ ಕೊಳವೆ, ಹಸಿರು ಚುಕ್ಕಿ ಸೆನ್ಸರು,
ಮುನ್ನೂರ ಹನ್ನೆರಡು, ಒಂದೊಂದರ ಹೊಟ್ಟೆಯಲ್ಲೂ ಒಂದು ಸಿಮ್ಮು.
ರೀಚಾರ್ಜ್ ಇರುವ ತನಕ ನಿದ್ದೆಗೆಡುವ ಕಾವಲು.

ಕೃಷ್ಣೆಯಿಂದ ಎತ್ತಿದ ನೀರು
ಮೂರು ದಿನಕ್ಕೊಮ್ಮೆ ನಳ ಮುಟ್ಟುವಷ್ಟರಲ್ಲಿ
ಹತ್ತು ಕೊಡದಲ್ಲಿ ನಾಲ್ಕು ದಾರಿಯಲ್ಲೇ ಮಾಯ.
ಆ ನಾಲ್ಕು ಕೊಡ ಎತ್ತಲು ಸುಟ್ಟ ಕಲ್ಲಿದ್ದಲು
ಶಕ್ತಿನಗರದಲ್ಲಿ ಬೂದಿಯಾಗಿ
ಒಣಹಾಕಿದ ಸೀರೆಯ ಮೇಲೆ ಕೂರುತ್ತದೆ.
ಸಭೆಯಲ್ಲಿ ಈ ಲೆಕ್ಕ ತೋರಿಸಿದವಳು ನಾನೇ.
ಚಪ್ಪಾಳೆ ಬಿತ್ತು, ಸಮೋಸ ಬಂತು.

ಯಂತ್ರಕ್ಕೆ ಕಿವಿಯಿತ್ತು, ತಿಳಿವಳಿಕೆ ಇರಲಿಲ್ಲ.
ಆಟೋ ಹೋದರೆ ಸೋರಿಕೆ ಎಂದಿತು.
ಮದುವೆಯ ಬ್ಯಾಂಡು ಬಂದ ರಾತ್ರಿ
ಅರ್ಧ ಪೇಟೆಯೇ ಸೋರಿತು.
ಅದಕ್ಕೇ ಇವನನ್ನು ಕರೆದದ್ದು,
ಇಪ್ಪತ್ತಾರು ವರ್ಷ ವಾಲ್ವು ತಿರುವಿದವನನ್ನು,
ಇನ್ನೂ ಕಾಯಂ ಆಗದವನನ್ನು.

ಹೆಡ್‌ಫೋನು ಹಾಕಿಸಿದೆ. ಕಣ್ಣು ಮುಚ್ಚಿದ.
‘ಇದು ಮೋಟರ್. ಕಾಟಿ ದರವಾಜದ ಹತ್ರ. ಯಾರದಂತ ಕೇಳಬ್ಯಾಡ್ರಿ.’
‘ಇದು ಸೋರಿಕಿ. ವಾಶರ್ ಹೋಗ್ಯಾದ.
ಹಲ್ಲಿಲ್ಲದ ಮುದುಕಿ ಸಕ್ಕರಿ ಕೇಳಿದಂಗ ಅನ್ನತದ.’
‘ಇದು ನೀರಿಗಿಂತ ಮೊದಲ ಬರೋ ಗಾಳಿ.
ಈ ಸಪ್ಪಳಕ್ಕ ಹೆಣ್ಮಕ್ಕಳು ನಿದ್ದಿಗಣ್ಣಾಗ ಕೊಡ ಹುಡುಕತಾರ.’
ನಾನು ಒತ್ತುತ್ತಾ ಹೋದೆ:
ಸೋರಿಕೆಯಲ್ಲ. ಸೋರಿಕೆ. ಸೋರಿಕೆಯಲ್ಲ.
ಇದ್ದದ್ದು ಎರಡೇ ಕಾಲಂ.

ನಡುವೆ ಒಮ್ಮೆ ಕೇಳಿದ,
‘ಇದು ಎಲ್ಲಾ ಕಲತ ಮ್ಯಾಲ ನಾ ಏನ್ ಮಾಡ್ಬೇಕ್ರಿ?’
ಚಾರ್ಜರು ಹುಡುಕುವ ನೆವದಲ್ಲಿ
ಬ್ಯಾಗಿನೊಳಗೆ ಮುಖವಿಟ್ಟೆ.

ಸಾವಿರ ದಾಟಿದ ಮೇಲೆ ಒಂದು ಸದ್ದು.
ಟಿಪ್.
ಬಹಳ ಹೊತ್ತು ಏನಿಲ್ಲ.
ಟಿಪ್.
ಗಾಜಗಾರಪೇಟೆ, ನೂರಾ ನಲವತ್ತನೆಯ ಸೆನ್ಸರು.
ಯಂತ್ರ ಕೆಂಪು ಬಳಿದಿತ್ತು: ಸೋರಿಕೆ, ಖಾತ್ರಿ ನೂರಕ್ಕೆ ತೊಂಬತ್ತಾರು.
ಹುಸೇನಪ್ಪ ಹೆಡ್‌ಫೋನು ತೆಗೆದು ನಕ್ಕ.
‘ಇದು ನನ್ನದು.’

ಹೋಗಿ ನೋಡಿದಾಗ ಬೆಳಗಿನ ಐದು.
ವಾಲ್ವಿನ ಗುಂಡಿಯ ಪಕ್ಕ ಬಾಯಿ ಒಡೆದ ಕಲ್ಲುಬಾನಿ,
ಕೊಳವೆಗೆ ಸುತ್ತಿದ ಚಿಂದಿಯಿಂದ ಅದರೊಳಕ್ಕೆ ಹನಿ.
ಕುಂಟ ನಾಯಿ ಕುಡಿಯುತ್ತಿದೆ. ಅಂಚಿನಲ್ಲಿ ಐದಾರು ಗುಬ್ಬಿ.
ಹಿಂದೆ, ರೇಷನ್ ಸಾಲಿನಲ್ಲಿ ನಿಂತಂತೆ, ಒಂದು ಕತ್ತೆ.
‘ಇವು ಬ್ಯಾಸಗ್ಯಾಗ ಎಲ್ಲಿಗ್ ಹೋಗಬೇಕ್ರಿ?
ಮೀಟರ್ ಇಲ್ಲ, ಅರ್ಜಿ ಬರ‍್ಯಾಕ ಬರಂಗಿಲ್ಲ.
ನಟ್ಟು ಕಾಲು ಸುತ್ತು ಸಡಲ ಬಿಟ್ಟೀನಿ.
ಮಳಿ ಬಂದ ದಿನ ಬಿಗಿ ಮಾಡ್ತೀನಿ.’

ಲೆಕ್ಕ ಹಾಕಿದೆ, ಅದು ನನ್ನ ಚಟ.
ದಿನಕ್ಕೆ ಒಂಬತ್ತು ಲೀಟರು.
ಗೆಸ್ಟ್‌ಹೌಸಿನ ಹುಲ್ಲು ಒಂದು ಸಂಜೆಗೆ ಎರಡು ಸಾವಿರ ಕುಡಿಯುತ್ತದೆ,
ಅದರ ಸೆನ್ಸರು ಸದಾ ಹಸಿರು.

ಎರಡು ಕಾಲಮ್ಮಿನ ಪಕ್ಕ ಇನ್ನೊಂದು ಎಳೆದೆ.
ಹೆಸರೇನಿಡಲಿ ಎಂದೆ.
ಅವನು ಬೀಡಿ ಹಚ್ಚಿ, ಎರಡು ದಮ್ಮು ಎಳೆದು,
‘ಅರವಟಿಗಿ ಅಂತ ಬರೀರಿ.’

ಒಂದು ಹೆಸರು ಕಲಿತದ್ದೇ ತಡ
ಯಂತ್ರ ಊರಿಡೀ ಕಿವಿಗೊಟ್ಟು
ವಾರದಲ್ಲಿ ಹನ್ನೊಂದು ಹಳದಿ ಚುಕ್ಕಿ ಹಚ್ಚಿತು:
ಜಲಾಲನಗರ, ಮಡ್ಡಿಪೇಟೆ, ಸಿಯಾತಲಾಬು.
ಹುಸೇನಪ್ಪ ಪರದೆಯ ಮೇಲೆ ಬೆರಳಿಟ್ಟು ಎಣಿಸಿದ,
‘ಇದು ತಾಯಣ್ಣಂದು. ಇದು ಖಾಜಾಸಾಬಂದು.
ಮಗನ, ನನಗೂ ಹೇಳಿಲ್ಲ ನೋಡ್ರಿ.
ಇದು...’
ಬೆರಳು ನಿಂತಿತು.
‘ಇದು ಯಾರದೂ ಅಲ್ಲ.’

ಮೂಲೆಗಿಟ್ಟಿದ್ದ ಸಲಾಕೆ ಹೆಗಲಿಗೇರಿಸಿ
ನನ್ನ ಸ್ಕೂಟಿಯ ಹಿಂದೆ ಕೂತ.