ಸಾವಿರದ ಲೆಕ್ಕ

ನಮ್ಮೂರಲ್ಲಿ ಸಾವಿರವೆಂದರೆ
ಸಾವಿರದ ಇನ್ನೂರ ಅರವತ್ತು.
ಮೂರು ಮೂರಾಗಿ ಎತ್ತಿ ಎಣಿಸುವ ಲೆಕ್ಕ.
ಕೊನೆಯ ಅರವತ್ತು ಒಡೆತದ ಬಾಬ್ತು:
ಬಂಡಿಯಲ್ಲಿ, ಹಡಗಿನಲ್ಲಿ, ಯಾರದೋ ಕೈಜಾರಿ
ಮುರಿಯಲೆಂದೇ ಸೀಳಿಟ್ಟ ಕಲ್ಲು.
ಅದಕ್ಕೆ ಕೂಲಿಯಿಲ್ಲ.

ರೀಡ್-ಅ-ಗಾರ್ನ್ ಅಂದರೆ ಇಷ್ಟೇ,
ಕಲ್ಗುಪ್ಪೆಯ ಬಳಿ ಹೊಳೆ ದಾಟುವ ಜಾಗ.
ದಾಟುತ್ತಿದ್ದವು ಕುರಿಗಳು.
ಆಮೇಲೆ ಒಬ್ಬ ಕುರಿಗಾಹಿ
ಬೆಟ್ಟದ ಪಕ್ಕೆಯಿಂದ ಹಾಳೆಹಾಳೆಯಾಗಿ ಎದ್ದ ಕಲ್ಲನ್ನು
ತನ್ನ ಕೊಟ್ಟಿಗೆಗೆ ಹೊದಿಸಿದ.
ಸೋರಲಿಲ್ಲ. ಅದೇ ಅವನು ಮಾಡಿದ ತಪ್ಪು.
ಸೋರದ ಸೂರಿನ ಸುದ್ದಿ ಕಿವಿಯಿಂದ ಕಿವಿಗೆ ಹೋಗಿ
ಮರುವರ್ಷ ಬೆಟ್ಟಕ್ಕೊಬ್ಬ ಒಡೆಯ ಬಂದ.
ಅವನ ಮಾತು ಇಂಗ್ಲಿಷು.
ಬೆಟ್ಟಕ್ಕೆ ಬರುತ್ತಿದ್ದುದು ವೆಲ್ಷ್ ಒಂದೇ.

ಕಲ್ಲಿನ ಅಳತೆಗಳಿಗೆಲ್ಲ
ದೊಡ್ಡಮನೆ ಹೆಂಗಸರ ಬಿರುದು:
ಡಚೆಸ್, ಕೌಂಟೆಸ್, ಲೇಡಿ.
‘ನನ್ನ ಗಂಡ ದಿನಕ್ಕೆ ಮುನ್ನೂರು ಡಚೆಸ್‌ಗಳನ್ನು
ತೊಡೆಗೆ ಒರಗಿಸಿಕೊಳ್ಳುತ್ತಾನೆ’
ಎಂದು ಅಜ್ಜಿ ಮೊರ್ವಿದ್ ನಗದೆ ಹೇಳುವಾಗ
ಪಾದ್ರಿಗೆ ಕೆಮ್ಮು ಬರುತ್ತಿತ್ತಂತೆ.
ಕೆಮ್ಮು ಊರಿಗೆಲ್ಲ ಇತ್ತು.
ಗಣಿಯ ಡಾಕ್ಟರು ಪುಸ್ತಕದಲ್ಲಿ ಬರೆದಿಟ್ಟ:
ಧೂಳಿನ ದೋಷವಲ್ಲ,
ಇವರು ಚಹಾ ಜಾಸ್ತಿ ಕುದಿಸುತ್ತಾರೆ.

ತೊಡೆಗೆ ಸರಪಳಿ ಸುತ್ತಿ
ಬಂಡೆಯ ಮುಖಕ್ಕೆ ಜೋತುಬಿದ್ದವರು
ಮಧ್ಯಾಹ್ನ ಕಲ್ಗುಡಿಸಲಲ್ಲಿ ಒದ್ದೆ ಕೋಟು ಬಿಚ್ಚಿ
ಸಭೆ ಸೇರುತ್ತಿದ್ದರು; ಅಧ್ಯಕ್ಷರು, ಕಾರ್ಯದರ್ಶಿ, ನಡಾವಳಿ.
ಒಂದು ದಿನದ ನಡಾವಳಿ ನನ್ನ ಬಳಿ ಇದೆ:
ಮೀನಿನ ಹೊಟ್ಟೆಯೊಳಗೆ ಯೋನ
ಯಾವ ಭಾಷೆಯಲ್ಲಿ ಪ್ರಾರ್ಥಿಸಿದ?
ವೆಲ್ಷ್‌ಗೆ ಒಂಬತ್ತು ಮತ. ಹೀಬ್ರೂಗೆ ಎರಡು.
ಕೆಳಗೆ ಅಜ್ಜ ಇಥೆಲ್‌ನ ಸಹಿ,
ಉಳಿಯಿಂದ ಕೊರೆದ ಹಾಗೆ.

ಆಮೇಲೆ ಬೀಗ.
ಕೂಲಿಯ ಜಗಳ, ಮೂರು ಚಳಿಗಾಲ.
ಮೊದಲನೆಯದಕ್ಕೆ ಹಾಡಿದರು,
ಎರಡನೆಯದಕ್ಕೆ ಕುರ್ಚಿ ಮಾರಿದರು,
ಮೂರನೆಯದರ ಬಗ್ಗೆ ಯಾರೂ ಹೇಳುವುದಿಲ್ಲ.
ಎದುರು ಮನೆಯ ತಿದ್ವಾಲ್
ನಸುಕಿನಲ್ಲಿ ಬೂಟು ಕೈಯಲ್ಲಿ ಹಿಡಿದು
ಬರಿಗಾಲಲ್ಲಿ ಬೀದಿ ದಾಟಿ ಗಣಿಗೆ ಹೋದ.
ಅವನ ಐದನೆಯ ಕೂಸು ಅಳುವುದನ್ನು ನಿಲ್ಲಿಸಿ
ಆಗ ಎರಡು ದಿನವಾಗಿತ್ತು.
ಸದ್ದಾಗದ ಆ ಕಾಲನ್ನು ಇಡೀ ಬೀದಿ ಕೇಳಿಸಿಕೊಂಡಿತು.

ಅಂದು ಎಳೆದ ಪರದೆಯನ್ನು
ಅಜ್ಜಿ ಮತ್ತೆ ಸರಿಸಲಿಲ್ಲ.
ಅವನ ಹೆಂಡತಿ ಬಾವಿಗೆ ಬಂದರೆ ಇವಳು ಹೊಳೆಗೆ.
ಚಾಪೆಲಿನಲ್ಲಿ ಅವರ ಬೆಂಚು
ಖಾಲಿ ಇದ್ದರೂ ಯಾರೂ ಕೂರಲಿಲ್ಲ.
ಸೋತು ಎಲ್ಲರೂ ಕೆಲಸಕ್ಕೆ ಮರಳಿದರು.
ಇಥೆಲ್ ನಲವತ್ತೇಳಕ್ಕೆ ತೀರಿಕೊಂಡ.
ಚಹಾ.

ಅದರ ಮರುವರ್ಷ ಫೆಬ್ರವರಿಯ ಗಾಳಿ
ಅಜ್ಜಿಯ ಮಾಡಿನ ಮೂಲೆ ಕಿತ್ತೊಯ್ದಿತು.
ರಾತ್ರಿಯೆಲ್ಲ ಪಾತ್ರೆ ಬದಲಿಸುತ್ತ ಎಚ್ಚರವಿದ್ದು
ಬೆಳಗಿನ ಜಾವ ಕಣ್ಣು ಹತ್ತಿತಂತೆ.
ಎದ್ದರೆ ಪಾತ್ರೆಯಲ್ಲಿ ಸದ್ದಿಲ್ಲ.
ಮಾಡಿನ ಮೇಲೆ ಏಳು ಹೊಸ ಕಲ್ಲು,
ಗಣಿಯ ಆಚೆ ಮಗ್ಗುಲಿನ ಹಸುರು ಛಾಯೆಯವು;
ಅಂಚು ಕಡಿದ ರೀತಿ ನೋಡಿದರೆ ಕೈ ಯಾರದೆಂದು
ಕಲ್ಲು ಸೀಳುವವನ ಹೆಂಡತಿಗೆ ಕೇಳಬೇಕಾಗಿಲ್ಲ.
ಏಣಿಯ ಎರಡು ಗುಳಿ ಕೆಸರಲ್ಲಿತ್ತು.
ಅದನ್ನು ಕಾಲಿನಿಂದ ಮುಚ್ಚಿದಳು.
ಧನ್ಯವಾದ ಹೇಳಲಿಲ್ಲ.
ಕಲ್ಲು ಕೀಳಿಸಲೂ ಇಲ್ಲ.

ಈಗ ಗಣಿಯ ಗುಂಡಿಯಲ್ಲಿ ನೀರು.
ಅದರ ಮೇಲೆ ತಂತಿಗೆ ಜೋತು
ಹೆಲ್ಮೆಟ್ಟಿನ ಮಕ್ಕಳು ಕಿರುಚುತ್ತ ಹಾರುತ್ತಾರೆ,
ದುಡ್ಡು ಕೊಟ್ಟು.
ಚಾಪೆಲು ಕಾರ್ಪೆಟ್ ಅಂಗಡಿಯಾಗಿ ಅದೂ ಮುಚ್ಚಿತು.
ತಿದ್ವಾಲ್‌ನ ಮನೆಯವರು ಎಲ್ಲಿಗೆ ಹೋದರೋ;
ಕೇಳಿದರೆ ಮುದುಕರು ಇನ್ನೂ
ಹವಾಮಾನದ ಮಾತೆತ್ತುತ್ತಾರೆ.

ಮಳೆ ಬಂದಾಗ ಕಪ್ಪು ಮಾಡಿನಲ್ಲಿ
ಆ ಏಳು ಹಸುರಾಗಿ ಎದ್ದು ಕಾಣುತ್ತವೆ.
ಬೀದಿಯಲ್ಲಿ ಕೊಡೆ ಹಿಡಿದು ನಿಂತು ಎಣಿಸುತ್ತೇನೆ,
ಮೂರು, ಮೂರು, ಮತ್ತೊಂದು.
ಸಾವಿರಕ್ಕೆ ಸೇರಿಸಲೋ
ಅರವತ್ತಕ್ಕೋ
ಅಜ್ಜಿ ಹೇಳಿ ಹೋಗಲಿಲ್ಲ.